ಪ್ರದರ್ಶನಕ್ಕೆ ಬಾರದ ಎಮ್ಮೆಯ ಫೋಟೊ

2022ರಲ್ಲಿ ನಾನು ಸವಣೂರಿನ ಒಂದು ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗದ ಮುಖ್ಯಸ್ಥನಾಗಿದ್ದೆ. ಮುಖ್ಯಸ್ಥ ಎಂದ ಕೂಡಲೇ ಯಾರೂ ಎದ್ದು ನಿಲ್ಲಬೇಕಾಗಿಲ್ಲ. ಇಡೀ ವಿಭಾಗದಲ್ಲಿ ಇದ್ದವನು ನಾನೊಬ್ಬನೇ. ವರದಿಗಾರಿಕೆ, ಪುಟವಿನ್ಯಾಸ, ಫೋಟೊಗ್ರಫಿ ಎಲ್ಲವನ್ನೂ ನಾನೇ ಕಲಿಸಬೇಕಿತ್ತು. ಅಂತಿಮ ವರ್ಷದವರು ಫೋಟೊಗ್ರಫಿಗೆ ಒಂದು ಪ್ರಾಜೆಕ್ಟ್ ಮಾಡುತ್ತಿದ್ದರು: ಒಂದೇ ವಿಷಯದ ಮೇಲೆ ಹನ್ನೆರಡು ಫೋಟೊ, ಪ್ರತಿಯೊಂದರ ಕೆಳಗೆ ವಿವರಣೆಯ ಎರಡು ಸಾಲು, ಅಂದರೆ ಕ್ಯಾಪ್ಷನ್. ಅವನ್ನು ಕಾಲೇಜಿನ ಹಾಲ್‌ನಲ್ಲಿ ಗೋಡೆಗೆ ಹಾಕಿದ ದಿನ ಹೊರಗಿನ ಪರೀಕ್ಷಕರು ಬಂದು ಅಂಕ ಕೊಡುತ್ತಿದ್ದರು. ಆ ವರ್ಷ ಮೊದಲ ಸ್ಥಾನ ಪಡೆದವರಿಗೆ ಹುಬ್ಬಳ್ಳಿಯ ಒಂದು ಪತ್ರಿಕೆಯ ಫೋಟೊ ವಿಭಾಗದಲ್ಲಿ ತರಬೇತಿ ಸಿಗುವುದಿತ್ತು.

ಹೆಚ್ಚಿನ ಹುಡುಗರು ಸೂರ್ಯಾಸ್ತವನ್ನೋ ನಮ್ಮೂರಿನ ದೊಡ್ಡ ಹುಣಸೆ ಮರಗಳನ್ನೋ ತೆಗೆದು ಕೈ ತೊಳೆದುಕೊಳ್ಳುತ್ತಿದ್ದರು. ಚಿಕ್ಕೇರೂರಿನ ರೈತರ ಮಗಳು ರೇಣುಕಾ ಮಾತ್ರ ಬೇರೆ ವಿಷಯ ಹಿಡಿದು ಬಂದಳು. ಜನ ಬಿಟ್ಟುಹೋದ ಕಟ್ಟಡಗಳು, ಅವುಗಳಲ್ಲಿ ಉಳಿದ ಸಾಮಾನು. ನನಗೆ ಅಷ್ಟೇನೂ ಹಿಡಿಸಲಿಲ್ಲ.

"ಪಾಳುಗೋಡೆ ಯಾರು ಬೇಕಾದವರು ತೆಗೀತಾರ. ನಿಂದೇನದ ಹೊಸದು?" ಎಂದೆ.

"ಗ್ವಾಡಿ ಅಲ್ರಿ ಸರ್. ಮನಿ ಬಿಡೂ ಮುಂದ ಮಂದಿ ಏನ್ ಒಯ್ತಾರ, ಏನ್ ಬಿಡ್ತಾರ, ಅದನ್ನ ನೋಡಬೇಕಂತ ಮಾಡೇನ್ರಿ."

ಉತ್ತರ ಕೇಳಿ ಒಪ್ಪಿಕೊಂಡೆ. ಕಾಲೇಜಿನ ಹಳೆಯ ಕ್ಯಾಮೆರಾ ಅವಳ ಕೈಗೆ ಹೋಯಿತು.

ನಾಲ್ಕು ತಾಲೂಕುಗಳನ್ನು ಅವಳು ಬಸ್ಸಿನಲ್ಲೇ ತಿರುಗಿದಳು. ಹಂಸಭಾವಿಯಲ್ಲಿ ಮುಚ್ಚಿದ ದರ್ಜಿ ಅಂಗಡಿಯೊಂದರ ಗೋಡೆಯ ಮೇಲೆ ಯಾವುದೋ ಮಗುವಿನ ಸಮವಸ್ತ್ರದ ಅಳತೆ ಸೀಮೆಸುಣ್ಣದಲ್ಲಿ ಹಾಗೇ ಉಳಿದಿತ್ತು. ಯಲವಿಗಿಯಲ್ಲಿ ಹಳೆಯ ಗೋದಾಮಿನ ಮೊಳೆಗೆ ಹಮಾಲನೊಬ್ಬ ಹೊರೆಯ ಕೆಳಗೆ ತಲೆಗಿಡುತ್ತಿದ್ದ ಬಟ್ಟೆಯ ಸಿಂಬಿ ನೇತಾಡುತ್ತಿತ್ತು. ಶಿಗ್ಗಾವಿಯಲ್ಲಿ ನಿಂತುಹೋದ ಟಾಕೀಸಿಗೆ ಹೋದರೆ ಎಲ್ಲರೂ ಹರಿದ ಪರದೆ ತೆಗೆಯುತ್ತಾರೆ. ಇವಳು ಟಿಕೆಟ್ ಕಿಂಡಿಯ ಅಂಚನ್ನು ತೆಗೆದಳು. ಸಾವಿರಾರು ಕೈ ತಾಗಿ ಅದು ಗಾಜಿನಂತೆ ನುಣುಪಾಗಿತ್ತು. ಅದನ್ನು ನೋಡಿದ ದಿನ ನಾನು ಮನೆಗೆ ಹೋಗಿ ಹೆಂಡತಿಯ ಮುಂದೆ ಒಂದು ತಾಸು ಆ ಹುಡುಗಿಯ ಮಾತೇ ಆಡಿದೆ. "ಖಾರಾ ತರತೇನಿ ಅಂದಿದ್ರಿ, ತಂದೀರೇನು?" ಎಂದು ಅವಳು ಕೇಳಿದ ಮೇಲೆ ನೆನಪಾಯಿತು, ಮರೆತೇ ಬಂದಿದ್ದೆ.

ರೇಣುಕಾ ಯಾವ ವಸ್ತುವನ್ನೂ ಮುಟ್ಟುತ್ತಿರಲಿಲ್ಲ. ಸಿಂಬಿಯನ್ನು ಕಿಟಕಿಯ ಹತ್ತಿರ ಇಟ್ಟಿದ್ದರೆ ಬೆಳಕು ಚೆನ್ನಾಗಿ ಬೀಳುತ್ತಿತ್ತಲ್ಲ ಎಂದು ನಾನು ಹೇಳಿದ್ದಕ್ಕೆ, "ಅದನ್ನ ಅಲ್ಲಿ ಇಟ್ಟಾಂವ ಅದಾನಲ್ರಿ ಸರ್. ನಾ ಯಾಕ ಸರಸ್ಲಿ? ಬೆಳಕ ತಾನ ಬಂತ್ರಿ, ಕಾದಿದ್ದೆ" ಅಂದಳು. ಎಂಥ ಮಾತು!

ಕೊನೆಗೆ ಉಳಿದದ್ದು ಹಾನಗಲ್ಲ ತಾಲೂಕು. ಅಲ್ಲಿ ವರದಾ ನದಿಯ ದಂಡೆಯ ಒಂದು ಹಳ್ಳಿ ಹಿಂದೆ ನೆರೆಯಲ್ಲಿ ಮುಳುಗಿತ್ತು. ಊರವರಿಗೆ ಸ್ವಲ್ಪ ದೂರದ ದಿಬ್ಬದ ಮೇಲೆ ಹೊಸ ಮನೆಗಳು ಸಿಕ್ಕಿದ್ದವು, ಹಕ್ಕುಪತ್ರ ಮಾತ್ರ ಇನ್ನೂ ಬಂದಿರಲಿಲ್ಲ. ಹಳೆಯ ಮನೆಯಲ್ಲಿ ಯಾರಾದರೂ ವಾಸವಾಗಿರುವುದು ಕಂಡರೆ ಹೊಸ ಮನೆಯ ಹಂಚಿಕೆ ರದ್ದು ಎಂದು ಅಲ್ಲಿ ಡಂಗುರ ಸಾರಿದ್ದರು. ಆ ಹಳ್ಳಿಯ ಹೆಸರನ್ನು ನಾನು ಬರೆಯುವುದಿಲ್ಲ. ನೆನೆದ ಮಣ್ಣಿನ ಗೋಡೆಗಳ ಭರವಸೆ ಇಲ್ಲವೆಂದು ಅಲ್ಲಿಗೆ ನಾನೂ ಜೊತೆಗೆ ಹೋದೆ.

ಮೊದಲ ಓಣಿಯಲ್ಲಿ ಯಾವ ಮನೆಗೂ ಬಾಗಿಲಿರಲಿಲ್ಲ, ಚೌಕಟ್ಟೂ ಇರಲಿಲ್ಲ. "ಕಳ್ಳರು ಒಯ್ದಿರಬೇಕು" ಎಂದೆ.

ರೇಣುಕಾ ನಕ್ಕಳು. "ಕಳ್ಳರಲ್ರಿ ಸರ್, ಮನಿಯವರ ಒಯ್ದಾರ. ಮನಿ ಬಿಡೂದಂದ್ರ ಮೊದಲ ಬಾಗಲಾ ಬಿಚ್ಚತಾರ. ಅಜ್ಜ ಮುತ್ತ್ಯಾ ಮಾಡಿಸಿದ್ದ ಸಾಗವಾನಿ ಬಾಗಲಾ ಯಾರ್ ಬಿಡ್ತಾರ್ರಿ?"

ನಮ್ಮ ಮನೆತನದವರು ಊರು ಬಿಡುವಾಗ ಮೊದಲು ದೇವರ ಪೆಟ್ಟಿಗೆ, ಆಮೇಲೆ ಪುಸ್ತಕದ ಗಂಟು ಹೊರುತ್ತಿದ್ದರು. ಬಾಗಿಲು ಕಿತ್ತುಕೊಂಡು ಹೋಗುವ ಸಂಗತಿ ನನಗೆ ಗೊತ್ತೇ ಇರಲಿಲ್ಲ.

ಎರಡನೆಯ ಓಣಿಯ ತುದಿಯಲ್ಲಿ ಅವಳು ತಟ್ಟನೆ ನಿಂತಳು. ಅಲ್ಲೊಂದು ಮನೆಗೆ ಬಾಗಿಲಿತ್ತು. ಹೊಸ್ತಿಲಿಗೆ ಅರಿಶಿನ ಹಚ್ಚಿತ್ತು. "ಇದು ಬಿಟ್ಟ ಮನಿ ಅಲ್ರಿ ಸರ್" ಎಂದು ಪಿಸುಗುಟ್ಟಿದಳು. ಅಷ್ಟರಲ್ಲಿ ಹಿಂದಿನಿಂದ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. ಅರವತ್ತರ ಹತ್ತಿರದ ವಯಸ್ಸು, ಹೆಸರು ನಿಂಗವ್ವ. ನಮ್ಮನ್ನು ನೋಡಿ ಬಾಗಿಲಿಗೆ ಅಡ್ಡ ಬಂದು ನಿಂತಳು.

"ನೀವು ಸರ್ಕಾರದವರೇನ್ರಿ?"

ಅಲ್ಲ, ಕಾಲೇಜಿನವರು ಎಂದ ಮೇಲೆ ಹೊರೆ ಇಳಿಸಿ ಒಳಗೆ ಕರೆದಳು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲೊಳಗಿನ ಮೊದಲ ಅಂಕಣ ದನಗಳದ್ದು. ಮನೆಯವರು ಒಂದು ಮೆಟ್ಟಿಲು ಮೇಲೆ ಇರುತ್ತಾರೆ. ಆ ಅಂಕಣದಲ್ಲಿ ಹಣೆಯ ಮೇಲೆ ಬಿಳಿ ಮಚ್ಚೆ ಇರುವ ಎಮ್ಮೆಯೊಂದು ರಾಣಿಯ ಹಾಗೆ ನಿಂತಿತ್ತು. ಅದರ ಹೆಸರು ಚಂದ್ರಿ.

"ಹೊಸಾ ಮನ್ಯಾಗ ದನಾ ಕಟ್ಟಾಕ ಜಾಗಾನ ಇಲ್ರಿ. ಹೊರಗ ಕಟ್ಟಿದ್ರ ಹಗ್ಗಾ ಹರಕೊಂಡು ಇಲ್ಲಿಗೇ ಬರ್ತಾಳ್ರಿ. ಬ್ಯಾರೆ ಕಡೆ ಹಾಲ ಇಳಸೂದಿಲ್ಲ. ಆಕಿಗೆ ಯಾರ್ ಹೇಳಬೇಕ್ರಿ, ಊರ ಬದಲ ಆಗೇತಿ ಅಂತ?" ನಿಂಗವ್ವ ಎಮ್ಮೆಯ ಬೆನ್ನು ಸವರಿದಳು. "ಈದ ಎಮ್ಮಿ, ಒಬ್ಬಾಕಿನ್ನ ಬಿಡಾಕ ಬರೂದಿಲ್ಲ. ನಾನೂ ಇಲ್ಲೇ ಒಲಿ ಹಚ್ಚಿ, ಇಲ್ಲೇ ಮಲಗತೇನಿ. ಈಕಿ ಹಾಲಿನ ಮ್ಯಾಲ ನಮ್ಮ ಸಂಸಾರ ನಡದೈತಿ. ಸಾಹೇಬ್ರ ಮುಂದ ಹೇಳಬ್ಯಾಡ್ರಿ ಮತ್ತ, ಹೊಸಾ ಮನಿ ಹೋಕ್ಕೈತಿ."

ರೇಣುಕಾ ಫೋಟೊಕ್ಕೆ ಅಪ್ಪಣೆ ಕೇಳಿದಳು. "ನಂದ ಬ್ಯಾಡವಾ, ಈಕೀದ ತಗಿ" ಎಂದು ನಿಂಗವ್ವ ಪಕ್ಕಕ್ಕೆ ಸರಿದಳು. ಮೇಲಿನ ಬೆಳಕಿಂಡಿಯಿಂದ ಸಂಜೆಯ ಬಿಸಿಲು ಕೋಲಿನಂತೆ ಇಳಿದು ಎಮ್ಮೆಯ ಹಣೆಗೆ ಬಿದ್ದ ಕ್ಷಣದಲ್ಲಿ ಅವಳು ಒಂದೇ ಒಂದು ಫೋಟೊ ತೆಗೆದಳು. ಹಿಂದೆ ಒಲೆಯ ಕೆಂಡ, ಸುತ್ತಿಟ್ಟ ಕಂಬಳಿ, ಗೋಡೆಯಲ್ಲಿ ಖಾಲಿಯಾದ ಗೂಡುಗಳು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದನ್ನು ಮತ್ತೆ ಮತ್ತೆ ನೋಡಿದೆ. ನನ್ನ ಅಷ್ಟು ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ಅಂಥದ್ದೊಂದು ತೆಗೆದಿರಲಿಲ್ಲ, ನಾನಂತೂ ತೆಗೆದೇ ಇಲ್ಲ. ಮೊದಲ ಸ್ಥಾನ ಅವಳಿಗೇ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ.

ಪ್ರದರ್ಶನಕ್ಕೆ ವಾರವಿರುವಾಗ ಪ್ರಾಚಾರ್ಯರು ಮುಖ್ಯ ಅತಿಥಿ ಒಪ್ಪಿದರೆಂದು ಖುಷಿಯಿಂದ ತಿಳಿಸಿದರು. ಬರುವವರು ಯಾರು? ಅದೇ ಹಳ್ಳಿಯ ಪುನರ್ವಸತಿ ನೋಡಿಕೊಳ್ಳುವ ಅಧಿಕಾರಿ. ನಾನು ಕೂಡಲೇ ರೇಣುಕಾಳನ್ನು ಕರೆದು, ಫೋಟೊವನ್ನು ಕ್ರಾಪ್ ಮಾಡೋಣ, ಅಂದರೆ ಅಂಚು ಕತ್ತರಿಸಿ ಒಲೆ, ಕಂಬಳಿ ತೆಗೆದುಬಿಡೋಣ ಎಂದೆ. ಬರೀ ಎಮ್ಮೆ ಉಳಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ.

ಅವಳು ಫೋಟೊದಲ್ಲಿ ಒಲೆಯ ಭಾಗವನ್ನು ಅಂಗೈಯಿಂದ ಮುಚ್ಚಿ ನೋಡಿದಳು. "ಒಲಿ ತಗದ್ರ ಆ ಎಮ್ಮಿನ್ನ ಯಾರೋ ಬಿಟ್ಟ ಹೋಗ್ಯಾರ ಅನ್ನೂವಂಗ ಕಾಣತೈತ್ರಿ. ಅದು ಸುಳ್ಳ. ಒಲಿ ಇಟ್ರ ನಿಂಗವ್ವನ ಮನಿ ಹೋಕ್ಕೈತಿ. ಹನ್ನೊಂದ ಹಾಕ್ತೇನ್ರಿ ಸರ್."

"ಹನ್ನೊಂದಕ್ಕ ಅಂಕ ಕಡಿಮಿ ಆಗ್ತಾವ. ಹುಬ್ಬಳ್ಳಿ ಕೈ ಬಿಡ್ತದ."

"ಗೊತ್ತೈತ್ರಿ."

ಬೇರೆ ಯಾವುದಾದರೂ ಹಳೆಯ ಚಿತ್ರ ಸೇರಿಸು ಎಂದೆ. ಉಳಿದದ್ದು ಯಾವುದೂ ಅದರ ಪಕ್ಕ ನಿಲ್ಲುವಷ್ಟಿಲ್ಲ ಎಂದಳು. ಹಟಮಾರಿ ಹುಡುಗಿ!

ಪ್ರದರ್ಶನದ ದಿನ ಹಾಲ್ ತುಂಬಿತ್ತು. ಅಧಿಕಾರಿಗಳು ಒಳ್ಳೆಯ ಮನುಷ್ಯರೇ. ಒಂದೊಂದು ಫೋಟೊ ಮುಂದೆಯೂ ನಿಂತು ಓದುತ್ತಿದ್ದರು. ಜೊತೆಗೆ ಪರೀಕ್ಷಕರು. ಆಗ ಬಾಗಿಲಲ್ಲಿ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಬೆಣ್ಣೆಯ ಡಬ್ಬಿ ಹಿಡಿದ ನಿಂಗವ್ವ ಕಂಡಳು! ಸವಣೂರಿನ ಕಾಲೇಜಿನಲ್ಲಿ ಇಂಥ ದಿನ ಪ್ರದರ್ಶನ ಅಂತ ನಾವೇ ಮಾತಿನಲ್ಲಿ ಹೇಳಿದ್ದೆವು, ಬಸ್ಸು ಹಿಡಿದು ಬಂದೇಬಿಟ್ಟಿದ್ದಳು. ನಾನು ಜನರನ್ನು ದಾಟಿ ಹೋಗುವಷ್ಟರಲ್ಲಿ ಅವಳು ಹನ್ನೊಂದೂ ಚಿತ್ರ ನೋಡಿ ಮುಗಿಸಿದ್ದಳು.

"ಯವ್ವಾ ರೇಣುಕಾ, ನನ್ನ ಎಮ್ಮಿ ಎಲ್ಲೈತಿ?"

ಅಧಿಕಾರಿ ತಿರುಗಿದರು. ನಿಂಗವ್ವ ಅವರನ್ನು ಗುರುತಿಸಿ, ಬಾಯಿ ತೆರೆದವಳು ಹಾಗೇ ನಿಂತಳು. "ಯಾವ ಎಮ್ಮೆ? ಎಲ್ಲಿ ತೆಗೆದದ್ದು?" ಎಂದು ಅವರು ಸಹಜವಾಗಿಯೇ ಕೇಳಿದರು.

"ಆ ಫೋಟೊ ಕೆಟ್ಟತ್ರಿ ಸರ್" ಎಂದಳು ರೇಣುಕಾ. "ನನ್ನ ಕೈ ಅಳಗ್ಯಾಡಿ ಎಲ್ಲಾ ಮಸಕ ಆತು. ಅದಕ್ಕ ಹನ್ನೊಂದ ಅದಾವ್ರಿ."

ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿದರು. "ಶಟರ್ ಸ್ಪೀಡ್ ಗಮನಿಸಬೇಕಲ್ಲವೇ? ಅಂತಿಮ ವರ್ಷದವರು ನೀವು." ಶಟರ್ ಎಷ್ಟು ಬೇಗ ತೆರೆದು ಮುಚ್ಚುತ್ತದೆ ಎಂಬುದು ನಾವು ಮೊದಲ ತಿಂಗಳಲ್ಲೇ ಕಲಿಸುವ ಪಾಠ.

"ಹೌದ್ರಿ, ನಂದ ತಪ್ಪ."

ನಿಂಗವ್ವನಿಗೆ ಅಷ್ಟೊತ್ತಿಗೆ ಅಧಿಕಾರಿಯ ಭಯ ಮರೆತು ಸಿಟ್ಟು ಬಂದಿತ್ತು. "ಇಷ್ಟ ದೊಡ್ಡ ಕ್ಯಾಮರಾ ಕೊಳ್ಳಾಗ ಹಾಕ್ಕೊಂಡ ಅಡ್ಡಾಡ್ತಿ, ಒಂದ ಎಮ್ಮಿ ನೆಟ್ಟಗ ತಗ್ಯಾಕ ಬರಲಿಲ್ಲೇನ ನಿನಗ? ಆಕಿ ಕಲ್ಲ ನಿಂತಂಗ ನಿಂತಿದ್ಲು!"

ಹಾಲ್ ಎಲ್ಲ ನಕ್ಕಿತು. ಅಧಿಕಾರಿಯೂ ನಕ್ಕು ಮುಂದೆ ನಡೆದರು. ರೇಣುಕಾ ಎಲ್ಲರಿಗಿಂತ ಜೋರಾಗಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಈ ಹುಡುಗಿಯ ಕೈ ಅಲುಗಾಡಿಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ಹೇಳಿದ್ದರೆ ಅವಳು ಉಳಿಸಿದ್ದೆಲ್ಲ ಹೋಗುತ್ತಿತ್ತು, ಅದಕ್ಕೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ.

ಹುಬ್ಬಳ್ಳಿಯ ತರಬೇತಿ ಸೂರ್ಯಾಸ್ತ ತೆಗೆದ ಹುಡುಗನಿಗೆ ಸಿಕ್ಕಿತು. ಪರೀಕ್ಷಕರಿಗೆ ಒಬ್ಬರಿಗಾದರೂ ನಿಜ ಹೇಳಲೇ ಎಂದು ಕೇಳಿದ್ದಕ್ಕೆ ರೇಣುಕಾ, "ಬ್ಯಾಡ್ರಿ ಸರ್, ಮಾತಿಗೆ ಕಾಲ ಬಂದ್ರ ಹಾನಗಲ್ಲ ಎಷ್ಟ ದೂರ?" ಅಂದಳು.

ಮರುವರ್ಷ ನಾನು ನಿವೃತ್ತನಾದೆ. ಹಳ್ಳಿಗೆ ಹಕ್ಕುಪತ್ರಗಳು ಬಂದವು. ಜಾಗ ತಮ್ಮದಾದ ಮೇಲೆ, ಹೊಸ ಮನೆಯಲ್ಲಿದ್ದ ನಿಂಗವ್ವನ ಮಗ ಅದರ ಪಕ್ಕ ದನದ ಕೊಟ್ಟಿಗೆ ಕಟ್ಟಿದ, ಹಳೆಯ ಮನೆಯ ಬಾಗಿಲನ್ನು ಚೌಕಟ್ಟಿನ ಸಮೇತ ಬಿಚ್ಚಿ ತಂದು ಅದಕ್ಕೆ ಹಾಕಿದ. ತನ್ನ ಬಾಗಿಲು ನೋಡಿದ ಮೇಲೆ ಚಂದ್ರಿ ತಕರಾರಿಲ್ಲದೆ ಒಳಗೆ ಹೋಯಿತಂತೆ.

ಹಿರೇಕೆರೂರಿನ ಸ್ಟುಡಿಯೊ ಒಂದರಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದ ರೇಣುಕಾ ಆ ಸುದ್ದಿ ತಿಳಿದು ನನ್ನನ್ನೂ ಕರೆದುಕೊಂಡು ಹೊರಟಳು. ಬಗಲಲ್ಲಿ ಕಟ್ಟು ಹಾಕಿಸಿದ ದೊಡ್ಡ ಫೋಟೊ. ನಿಂಗವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಕೆಟ್ಟೈತಿ ಅಂದಿದ್ದೆಲ್ಲ?"

"ಅವತ್ತ ಕೆಟ್ಟಿತ್ತ ಆಯಿ."

ನಿಂಗವ್ವ ಮತ್ತೊಮ್ಮೆ ನೋಡಿದಳು. ಎಮ್ಮೆಯ ಹಿಂದಿನ ಒಲೆಯ ಮೇಲೆ, ಕಂಬಳಿಯ ಮೇಲೆ ಅವಳ ಬೆರಳು ಹರಿದಾಡಿತು. ಹಾಲ್‌ನಲ್ಲಿ ಎಲ್ಲರ ಮುಂದೆ ಬೈದದ್ದು ನೆನಪಾಯಿತೇನೋ. ಫೋಟೊವನ್ನು ನನ್ನ ಕೈಗೆ ಕೊಟ್ಟು, ರೇಣುಕಾಳ ಮುಖ ನೀವಿ ತನ್ನ ಹಣೆಯ ಎರಡೂ ಬದಿಗೆ ಲಟಿಕೆ ಮುರಿದಳು.

ಫೋಟೊ ತೆಗೆಯುವುದನ್ನು ನಾನು ನೂರಾರು ಮಕ್ಕಳಿಗೆ ಕಲಿಸಿದ್ದೇನೆ. ತೆಗೆದದ್ದನ್ನು ಯಾವಾಗ ತೋರಿಸಬೇಕು ಎಂಬುದನ್ನು ಕಲಿಸಿದವಳು ರೇಣುಕಾ. ಅವತ್ತು ನಿಂಗವ್ವನ ಗೋಡೆಗೆ ಮೊಳೆ ಹೊಡೆಯುವ ಕೆಲಸ ನನ್ನದಾಯಿತು, ಹನ್ನೆರಡನೆಯ ಫೋಟೊವನ್ನು ನಾನೇ ಹಾಕಿದೆ.