ನಂದಿದುರ್ಗದಲ್ಲಿ ಗಂಡಿನ ಮನೆ ನೋಡಿದ್ದು

ಮಾಘದ ಚಳಿಯಲ್ಲಿ ನಾನೂ ನಮ್ಮ ದೊಡ್ಡಮ್ಮ ಮುನಿಯಮ್ಮನೂ ಕೋಲಾರದಿಂದ ಬೆಳಗಿನ ಚಿಕ್ಕ ರೈಲು ಹತ್ತಿದೆವು. ತಂಗಿ ಸರೋಜಳಿಗೆ ಬಂದಿದ್ದ ಗಂಡು ಚಿನ್ನದ ಗಣಿಯಲ್ಲಿ ಮೇಸ್ತ್ರಿಯಂತೆ. ನಂದಿದುರ್ಗವೆಂಬ ಆ ಗಣಿಯ ವಸತಿಯಲ್ಲಿ ಅವನ ಮನೆ ನೋಡಿ, ಒಪ್ಪಿಗೆಯಾದರೆ ಅಂದೇ ಒಂದು ಚಿನ್ನದ ಸರ ಕೊಟ್ಟು ಮಾತು ಮುಗಿಸಬೇಕೆಂದು ಅವನೇ ಹೇಳಿಕಳಿಸಿದ್ದ. ಸತ್ತುಹೋದ ನಮ್ಮ ಅಮ್ಮನ ಸರ ದೊಡ್ಡಮ್ಮನ ಎಲೆಯಡಿಕೆ ಚೀಲದಲ್ಲಿತ್ತು. ಒಮ್ಮೆ ನಮ್ಮ ಮನೆಗೆ ಬಂದಿದ್ದ ಅವನ ನಯವಾದ ಮಾತಿಗೆ ನಾನಂತೂ ಆಗಲೇ ಒಪ್ಪಿಬಿಟ್ಟಿದ್ದೆ.

ಬಂಗಾರಪೇಟೆಯಲ್ಲಿ ಎರಡಾಣೆಗೆ ನಾಲ್ಕು ಇಡ್ಲಿ ತಿಂದು ಗಣಿಯ ಕಡೆಯ ರೈಲಿಗೆ ಬದಲಾಯಿಸಿದೆವು. ಬೂದು ಮಣ್ಣಿನ ಗುಡ್ಡಗಳ ನಡುವೆ ಕಬ್ಬಿಣದ ಗೋಪುರಗಳು, ಅವುಗಳ ತುದಿಯಲ್ಲಿ ತಿರುಗುವ ಚಕ್ರಗಳು ಕಂಡವು. ಆ ಚಕ್ರಗಳ ಹಗ್ಗಕ್ಕೆ ಜೀವ ಒಪ್ಪಿಸಿ ಜನ ದಿನವೂ ಪಾತಾಳಕ್ಕೆ ಇಳಿದು ಬರುತ್ತಾರಲ್ಲ ಎಂದು ಬೆರಗಾದೆ. ಊರಿಗಾಂನಲ್ಲಿಳಿದು ಆರಾಣೆ ಕೊಟ್ಟು ಜಟಕಾ ಹಿಡಿದೆವು.

ಗಣಿ ಕೆಲಸಗಾರರ ಸಾಲುಮನೆಗಳಲ್ಲಿ ಒಂದರ ಮುಂದೆ ಗಂಡು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಗೆ ಗಡಿಯಾರ. ಒಳಗೆ ಒಪ್ಪವಾದ ಮನೆ. ತನ್ನ ಅಮ್ಮ ಕ್ಯಾಸಂಬಳ್ಳಿಗೆ ಹೋಗಿದ್ದಾಳೆಂದ.

ದೊಡ್ಡಮ್ಮ ಕುಡಿಯಲು ನೀರು ಕೇಳಿದಳು. ಅವನು ಒಳಗೆ ಹೋಗಿ ಲೋಟಕ್ಕಾಗಿ ಒಂದೊಂದೇ ಗೂಡು ತಡಕಾಡುವ ಸದ್ದು ಕೇಳಿಸಿತು. ನೀರು ತಂದಾಗ ಅವಳು ಸುಮ್ಮನೆ, "ಇಲ್ಲಿ ನಲ್ಲೀಲಿ ನೀರು ಯಾವೊತ್ಗೆ ಬತ್ತದಪ್ಪಾ?" ಎಂದಳು.

"ಯಾವಾಗ್ಲೂ ಬತ್ತದೆ ಅಮ್ಮಾ."

ಹೊರಗೆ ಒಣಗಿದ ನಲ್ಲಿಯ ಮುಂದೆ ಹತ್ತಾರು ಕೊಡಗಳು ಸಾಲಾಗಿ ಕಾಯುತ್ತಿದ್ದವು. ದೊಡ್ಡಮ್ಮ ಎದ್ದು ಪಕ್ಕದ ಮನೆಗೆ ಹೋದಳು. ಅಲ್ಲಿದ್ದ ಹೆಂಗಸಿನ ಮಾತು ತಮಿಳು. ಇಬ್ಬರಿಗೂ ತೆಲುಗು ಬರುತ್ತಿದ್ದರಿಂದ ಅದರಲ್ಲೇ ಮಾತಾಡಿಕೊಂಡರು. ಹಿಂದಿರುಗಿ ಬಂದು ದೊಡ್ಡಮ್ಮ ನನಗೆ ವಿಷಯ ತಿಳಿಸಿದಳು: ನಾವು ಕೂತಿದ್ದ ಮನೆಯವರು ರಜೆಗೆಂದು ಊರಿಗೆ ಹೋಗಿದ್ದರು. ನೆಂಟರು ಬರುತ್ತಾರೆಂದು ಹೇಳಿ ಇವನು ಒಂದು ದಿನದ ಮಟ್ಟಿಗೆ ಪಕ್ಕದ ಮನೆಯಾಕೆಯಿಂದ ಬೀಗದಕೈ ಇಸಿದುಕೊಂಡಿದ್ದ. ಗಣಿಯ ಕೆಲಸದವನೇ ಅಲ್ಲ.

ನನಗೆ ಮೈಯೆಲ್ಲ ಉರಿಯಿತು. ಮೇಲೆದ್ದ ನನ್ನ ರಟ್ಟೆ ಹಿಡಿದು ದೊಡ್ಡಮ್ಮ ಕೂರಿಸಿದಳು. ಅವನ ಎದುರಿಗೆ ಕೂತು, ದನಿ ಏರಿಸದೆ ಹೇಳಿದಳು: "ಈ ಮನೆ ನಿಂದಲ್ಲ ಅಂತ ಗೊತ್ತಾಯ್ತು. ನಮ್ಮುಡುಗಿ ನಾಳೆ ಇಲ್ಲಿಗೆ ಬಂದು ಬಾಗ್ಲು ತಟ್ಟಿದ್ರೆ ಯಾರಪ್ಪ ತೆಗೀತಿದ್ರು?"

ಅವನು ಬೀಗದಕೈಯನ್ನು ಪಕ್ಕದ ಮನೆಯಾಕೆಯ ಕೈಗಿಟ್ಟು ಹೊರಟುಹೋದ. ದೊಡ್ಡಮ್ಮ ತಾನು ಕುಡಿದ ಲೋಟ ತೊಳೆದು, ಆ ಮನೆಯೊಡತಿಯ ಗೂಡಿನಲ್ಲಿ ಬೋರಲು ಹಾಕಿದ ಮೇಲೆಯೇ ಹೊಸಿಲು ದಾಟಿದಳು.

ಸಂಜೆ ಬಂಗಾರಪೇಟೆಯಲ್ಲಿ ಕೋಲಾರದ ರೈಲಿಗೆ ಕಾಯುತ್ತ, "ನಿಂಗೆ ಎಂಗೆ ಅನುಮಾನ ಬಂತು ದೊಡ್ಡಮ್ಮ?" ಎಂದು ಕೇಳಿದೆ.

"ನನ್ನ ಮದ್ವೆಗೆ ಮುಂಚೆ ನಮ್ಮಪ್ಪಂಗೆ ನಾಕು ಕರೆಯೋ ಅಸ ತೋರ್ಸಿದ್ರು ಕಣ್ಲಾ. ಮದ್ವೆಯಾಗಿ ಓದ್ರೆ ಕೊಟ್ಟಿಗೇಲಿ ಒಂದೂ ಇಲ್ಲ. ಎಲ್ಲಾ ಪಕ್ಕದ ಮನೇವು. ಅವತ್ತು ನಮ್ಮಪ್ಪ ನೆಲದ ಮ್ಯಾಲೆ ಅಳೇ ಸಗಣಿ ಐತಾ ಅಂತ ಒಂದ್ಸಲ ನೋಡಿದ್ರೆ ಸಾಕಾಗಿತ್ತು."

ಅವಳ ಕೈಯಲ್ಲೇ ಬೆಳೆದಿದ್ದರೂ ಈ ಸಂಗತಿ ನಾನು ಕೇಳಿರಲಿಲ್ಲ. ಅಷ್ಟರಲ್ಲಿ ರೈಲು ಬಂತು. ಸೀರೆಯ ನೆರಿಗೆ ಎತ್ತಿ ಕಟ್ಟಿ, ಜನರ ನಡುವೆ ನುಗ್ಗಿ, ಅವಳೇ ಮೊದಲು ಹತ್ತಿ ನನಗೂ ಒಂದು ಜಾಗ ಹಿಡಿದಳು.