ನಾಲ್ಕು ಕುರ್ಚಿ ಕಾವಲಿಟ್ಟ ಜಾಗ

ಇಪ್ಪತ್ತೆಂಟು ವರ್ಷ ಮಾಂಟ್ರಿಯಲ್‌ನಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ರೊಸೇರ್‌ಗೆ ಒಂದು ಬಿರುದಿತ್ತು: ಜುಲೈ ಒಂದರ ದಂಡನಾಯಕ. ಬಾಡಿಗೆ ಕರಾರುಗಳೆಲ್ಲ ಮುಗಿದು ಅರ್ಧ ಊರೇ ಮನೆ ಬದಲಿಸುವ ಆ ದಿನ, ಯಾರ ವ್ಯಾನು ಎಲ್ಲಿ ನಿಲ್ಲಬೇಕೆಂದು ನೆಂಟರಿಷ್ಟರಿಗೆಲ್ಲ ಹೇಳುತ್ತಿದ್ದವನು ಅವನೇ. ಬಿರುದನ್ನು ಯಾರೂ ಕೊಟ್ಟಿರಲಿಲ್ಲ, ಅವನೇ ಇಟ್ಟುಕೊಂಡಿದ್ದ.

ಈ ಸಲದ ಯುದ್ಧ ಸ್ವಂತದ್ದು. ಹೆಂಡತಿ ಗಿಲೇನ್‌ಗೆ ಅವಳ ತಾಯಿ ಬಿಟ್ಟುಹೋದ ಪಿಯಾನೊ ಮೂರನೆಯ ಮಹಡಿಯಲ್ಲಿತ್ತು. ಸುರುಳಿ ಮೆಟ್ಟಿಲಲ್ಲಿ ಅದು ಇಳಿಯದು; ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸಿ, ಹತ್ತು ಹೆಜ್ಜೆ ಹೊತ್ತು ವ್ಯಾನಿಗೇರಿಸಬೇಕು. ಹನ್ನೊಂದನೆಯ ಹೆಜ್ಜೆಗೆ ಭಾವಮೈದುನ ನಾರ್ಮನ್‌ನ ಬೆನ್ನು ಒಪ್ಪಿರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹೊಸ ಬಾಡಿಗೆಯವರು ಬರುತ್ತಾರೆ. ಅಷ್ಟರೊಳಗೆ ಇಳಿಯದ ಪಿಯಾನೊ ಅವರ ಪಾಲು.

ರೊಸೇರ್ ಬೆಳಿಗ್ಗೆ ಆರಕ್ಕೇ ಬಾಲ್ಕನಿಯೆದುರಿನ ರಸ್ತೆಯಂಚನ್ನು ಹೆಜ್ಜೆಯಲ್ಲಿ ಅಳೆದು, ವ್ಯಾನಿನ ಉದ್ದಕ್ಕೆ ಅಡುಗೆಮನೆಯ ನಾಲ್ಕು ಕುರ್ಚಿಗಳನ್ನು ಕಾವಲಿಟ್ಟ. ಪ್ರತಿವರ್ಷ ಬಸ್ ಡಿಪೋದ, ರಸ್ತೆ ತಡೆಯಲು ಇಡುವ ಕೆಂಪು ಶಂಕುಗಳನ್ನು ಇಡುತ್ತಿದ್ದ; ನಿವೃತ್ತಿಯ ದಿನ ಅವನ್ನು ವಾಪಸು ಕೊಡಬೇಕಾಗಿ ಬಂದಿತ್ತು.

"ಒಳ್ಳೆ ಕುರ್ಚಿನೇ ಯಾಕಿಟ್ಟೆ? ಮುರುಕು ಬಕೆಟ್ ಇರ್ಲಿಲ್ವಾ?" ಎಂದಳು ಗಿಲೇನ್.

"ಬಕೆಟ್ಟಿಗೆ ಯಾರು ಮರ್ಯಾದೆ ಕೊಡ್ತಾರೆ?"

ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ ಬಾಲ್ಕನಿಯಿಂದ ಬಗ್ಗಿ ನೋಡಿದ. ಒಬ್ಬ ಹುಡುಗಿ ಮತ್ತವಳ ಗೆಳೆಯ ನಾಲ್ಕನೆಯ ಕುರ್ಚಿಯನ್ನು ತಳ್ಳುಗಾಡಿಗೇರಿಸುತ್ತಿದ್ದರು. ಜುಲೈ ಒಂದರಂದು ರಸ್ತೆಯಂಚಿನಲ್ಲಿ ಬಿದ್ದ ಸಾಮಾನು ಎತ್ತಿಕೊಂಡವರದ್ದು. ಒಂದು ಕಾಲಕ್ಕೆ ಅವನ ಮನೆಯಲ್ಲಿದ್ದ ಸೋಫಾ ಬಂದದ್ದೂ ಹಾಗೆಯೇ!

"ಏಯ್! ಅವು ನಂದು!"

ಊರಿನ ಗದ್ದಲದಲ್ಲಿ ಅದು ಆಶೀರ್ವಾದದಂತೆ ಕೇಳಿಸಿತೋ ಏನೋ, ಹುಡುಗಿ ಕೈಬೀಸಿದಳು. "ಮೆರ್ಸಿ, ಉಪಕಾರವಾಯ್ತು ಯಜಮಾನ್ರೇ! ಭಾಳ ಗಟ್ಟಿಯಾಗಿವೆ!"

ಆಗಲೇ ನೆತ್ತಿಯ ಮೇಲೆ ಹಾಸಿಗೆ ಹೊತ್ತ ಕಾರೊಂದು ಖಾಲಿ ಜಾಗಕ್ಕೆ ಹಿಮ್ಮುಖವಾಗಿ ಬರತೊಡಗಿತು. ತಿರುವಿನಲ್ಲಿ ನಾರ್ಮನ್‌ನ ವ್ಯಾನು ಹಾರನ್ ಬಡಿಯುತ್ತಿತ್ತು. ಮನೆಯಲ್ಲಿ ಉಳಿದಿದ್ದ ಒಂದೇ ಆಸನ, ಪಿಯಾನೊದ ಸ್ಟೂಲು, ಅದನ್ನೇ ಕಂಕುಳಲ್ಲಿ ಒತ್ತಿಕೊಂಡು ದಂಡನಾಯಕ ಸುರುಳಿ ಮೆಟ್ಟಿಲಿಳಿದ. ಕಾರಿನ ಹಿಂಬದಿ ಮೊಣಕಾಲಿಗೆ ಗೇಣುದ್ದವಿರುವಾಗ ರಸ್ತೆಯಲ್ಲಿ ಸ್ಟೂಲಿಟ್ಟು ಕುಳಿತುಬಿಟ್ಟ.

"ಎದ್ದೇಳಿ ತಾತ, ಐದೇ ನಿಮಿಷ!" ಎಂದು ಕಾರಿನವನು ಅರಚಿದ.

"ಇಪ್ಪತ್ತೆಂಟು ವರ್ಷ ಅದನ್ನೇ ಕೇಳಿದೀನಪ್ಪಾ. ಬಸ್ ಹೊರಡೋವಾಗ ಎಲ್ರದ್ದೂ ಐದೇ ನಿಮಿಷ!"

ಕಾರು ಗುರುಗುಟ್ಟಿತು, ಇನ್ನೆರಡು ಬೆರಳು ಹಿಂದೆ ಸರಿಯಿತು. ರೊಸೇರ್‌ನ ಕುಂಡೆ ಕದಲಲಿಲ್ಲ. ಅಷ್ಟರಲ್ಲಿ ಮುದುಕಿಯೊಬ್ಬಳು ಬಂದು ಅವನ ಭುಜ ತಟ್ಟಿದಳು.

"ಸ್ಟೂಲು ಬಿಟ್ಟು ಹೋಗ್ತಿದೀಯೇನಪ್ಪಾ?"

"ಮೇಲೆ ಕೂತಿರೋದನ್ನೂ ಸೇರ್ಸಿ ತಗೊಂಡ್ಹೋಗಮ್ಮಾ!" ಎಂದು ಬಾಲ್ಕನಿಯಿಂದ ಗಿಲೇನ್ ಕೂಗಿದಳು.

ಕಾರಿನವನಿಗೆ ನಗು ತಡೆಯಲಾಗಲಿಲ್ಲ. ನಗುವವನು ಜಗಳವಾಡಲಾರ, ಗೇರು ಬದಲಿಸಿ ಹೊರಟ.

ಹನ್ನೆರಡಕ್ಕೆ ಎಂಟು ನಿಮಿಷವಿದ್ದಾಗ ಪಿಯಾನೊ ವ್ಯಾನಿನೊಳಗಿತ್ತು. ಹೊತ್ತದ್ದು ಒಂಬತ್ತೇ ಹೆಜ್ಜೆ.

ಸಂಜೆ ಹೊಸ ಮನೆಯಲ್ಲಿ ಗಿಲೇನ್ ಸ್ಟೂಲಿನ ಮೇಲೆ ಕುಳಿತು ಪಿಜ್ಜಾ ತಿಂದಳು. ರೊಸೇರ್ ನಿಂತೇ ತಿಂದು, ಕುರ್ಚಿ ಹುಡುಕಲು ಬೀದಿಗಿಳಿದ. ಮೂರನೆಯ ಮನೆಯೆದುರು ಎರಡು ಸೊಗಸಾದ ಕುರ್ಚಿಗಳಿದ್ದವು. ಮುಟ್ಟುವ ಮೊದಲು ಅಲ್ಲಿನ ಬಾಲ್ಕನಿಗಳನ್ನೆಲ್ಲ ತಲೆಯೆತ್ತಿ ನೋಡಿ, "ಇವು ಯಾರದ್ದಾದ್ರೂ?" ಎಂದು ಮೂರು ಸಲ ಕೂಗಿದ. ನಾಲ್ಕನೆಯ ಸಲ ಕೂಗುವಷ್ಟು ಒಳ್ಳೆಯವನು ಅವನಲ್ಲ.