ಪೂಜೆಯ ಕಾಡತೂಸು

ಆಗೆಲ್ಲ ನಮ್ಮ ಕಡೆ ದಸರೆ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಅಂಗಳಕ್ಕೆ ಸಾರಿಸಿದ ಹಸಿ ಸೆಗಣಿ, ಕಣದಲ್ಲಿ ಬಡಿದ ಉದ್ದಿನ ಹೊಟ್ಟು, ಒಲೆಯ ಮೇಲೆ ಬೇಯುವ ಕಡಲೆಬೇಳೆ, ಎಲ್ಲ ಸೇರಿ ಒಂದೇ ವಾಸನೆ. ಅದು ಮೂಗಿಗೆ ಬಡಿಯಿತೋ, ಚಿಣ್ಣಿದಾಂಡು ಬಿದ್ದಲ್ಲೇ ಬಿಟ್ಟು ಅಡುಗೆಮನೆಯ ಹೊಸ್ತಿಲಿಗೆ ಓಡಿ ಬಂದು ಕೂಡುತ್ತಿದ್ದೆವು. ನೀವೂ ಹಾಗೇ ಕೂತವರಾದರೆ ಹೂರಣ ರುಬ್ಬುವ ಕಲ್ಲಿನ ಅಂಚಿಗೆ ಬೆರಳು ಹಚ್ಚಿ ನೆಕ್ಕಿದ್ದು ನೆನಪಿರಬೇಕು.

ತೊಂಬತ್ತರ ದಶಕದ ಮಾತಿದು. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಮ್ಮೂರು. ಮನೆಯಲ್ಲಿ ಅಪ್ಪನ ಅಪ್ಪ ಮುತ್ಯಾ, ಅಪ್ಪನ ತಾಯಿ ಆಯಿ, ಅಪ್ಪ, ಅವ್ವ, ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಬಸು, ಮತ್ತೆ ಅಪ್ಪನ ತಮ್ಮ ರೇವಪ್ಪ ಕಾಕಾ. ಕಾಕಾನಿಗೆ ಇನ್ನೂ ಲಗ್ನವಾಗಿರಲಿಲ್ಲ. ಮೀಸೆ ಬಂದಿದ್ದವು, ಬುದ್ಧಿ ಮಾತ್ರ ನಮ್ಮ ವಯಸ್ಸಿನದೇ ಅಂತ ಅವ್ವ ಬಯ್ಯುತ್ತಿದ್ದಳು. ನಮಗೆ ಅದಕ್ಕಿಂತ ಚಲೋ ಗುಣ ಯಾವುದೂ ಕಂಡಿರಲಿಲ್ಲ.

ಪಡಸಾಲೆಯ ಗೋಡೆಗೆ ಮುತ್ಯಾನ ಬಂದೂಕು ತೂಗುತ್ತಿತ್ತು. ಒಂದೇ ನಳಿಗೆಯದು, ಲೈಸೆನ್ಸ್ ಇದ್ದದ್ದು. ಕಬ್ಬಿಗೆ ಹಂದಿ ಬೀಳುತ್ತವೆ ಅಂತ ಕಾಗದದಲ್ಲಿ ಬರೆಸಿದ್ದನಂತೆ, ಆದರೆ ಅವನು ಅದನ್ನು ತಂದದ್ದು ಹಂದಿಗಲ್ಲ. ನಿಜಾಮನ ಕಾಲದ ರಜಾಕಾರರ ಗದ್ದಲದಲ್ಲಿ, ಗೋರ್ಟಾದ ಕಡೆಯ ಕೊಲೆಗಳ ಸುದ್ದಿ ಕೇಳಿ ಊರಿಗೆ ಊರೇ ನಡುಗುತ್ತಿದ್ದಾಗ, ಮುತ್ಯಾನ ಅಣ್ಣ ಬರೀ ಒಂದು ಬಡಿಗೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದ. ಅವನನ್ನು ಹೊಸ್ತಿಲ ಮೇಲೆಯೇ ಕೊಂದರು. ಮುತ್ಯಾ ಆಗ ಸಣ್ಣವ, ಜೋಳದ ಕಣಜದ ಹಿಂದೆ ಅಡಗಿದ್ದ. ಸತ್ತ ಅಣ್ಣನ ಹೆಸರು ರೇವಪ್ಪ. ಅದೇ ಹೆಸರನ್ನು ಮುತ್ಯಾ ತನ್ನ ಕಿರಿಮಗನಿಗೆ ಇಟ್ಟಿದ್ದ.

"ಅವತ್ತ ಮನಿಯಾಗ ಒಂದು ಬಂದೂಕ ಇದ್ದಿದ್ರ ನಮ್ಮಣ್ಣ ಉಳೀತಿದ್ದ. ಇನ್ನ ಈ ಮನ್ಯಾಗ ಯಾರೂ ಹಂಗ ಸಾಯಂಗಿಲ್ಲ," ಅನ್ನುತ್ತಿದ್ದ ಮುತ್ಯಾ, ಎಣ್ಣೆ ಅರಿವೆಯಿಂದ ನಳಿಗೆ ಒರೆಸುತ್ತ. ನಾವೂ ನಂಬಿದ್ದೆವು. ಗೋಡೆಯ ಮೇಲೆ ಅದು ಇದೆ ಅಂತಲೇ ಬಾಗಿಲು ತೆರೆದಿಟ್ಟು ಮಲಗುವ ಧೈರ್ಯ ನಮಗೆ. ಆ ಬಂದೂಕಿನಿಂದ ಹಂದಿ ಸತ್ತದ್ದನ್ನೂ ನಾನು ಕಂಡಿಲ್ಲ, ಕಳ್ಳ ಹೆದರಿದ್ದನ್ನೂ ಕಂಡಿಲ್ಲ. ಆದರೂ ಅದು ಮನೆ ಕಾಯುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ನವಮಿಯ ಸಂಜೆ ಖಂಡೆ ಪೂಜೆ. ಕುಡಗೋಲು, ಕೊಡಲಿ, ಕೂರಿಗೆ, ಅವ್ವನ ಹೊಲಿಗೆ ಮಷೀನು, ಎಲ್ಲವನ್ನೂ ತೊಳೆದು ದೇವರ ಮುಂದೆ ಇಡುವುದು. ಇದರಲ್ಲಿ ಆಯಿಯದೊಂದು ಕಟ್ಟುನಿಟ್ಟು. ದೇವರ ಮುಂದೆ ಯಾವುದನ್ನೂ ಬರಿದಾಗಿ ಇಡಬಾರದು. ಹೆಣ್ಣುಮಕ್ಕಳಿಗೆ ಉಡಿ ತುಂಬಿದ ಹಾಗೆ ಸಾಮಾನಿಗೂ ತುಂಬಬೇಕು. ಕೂರಿಗೆಯ ಬಟ್ಟಲಿಗೆ ಬಿತ್ತುವ ಜೋಳ, ಸೇರಿಗೆ ಅಕ್ಕಿ, ಕಂದೀಲಿಗೆ ಎಣ್ಣೆ, ಮಷೀನಿನ ಸೂಜಿಗೆ ದಾರ. ಹಾಗೇ ಬಂದೂಕಿಗೆ ಕಾಡತೂಸು. ಮುತ್ಯಾ ನಳಿಗೆ ಮಡಚಿ ತೆರೆದು, ಕೆಂಪು ಕಾಡತೂಸಿಗೆ ಕುಂಕುಮ ಹಚ್ಚಿ ಒಳಗಿಟ್ಟು ಮುಚ್ಚುತ್ತಿದ್ದ. ಆಯಿ ಆರತಿ ಎತ್ತುತ್ತಿದ್ದಳು. ಇಷ್ಟೂ ಎಲ್ಲರೆದುರಿಗೇ ನಡೆಯುತ್ತಿತ್ತು.

ಮರುದಿನ ಬನ್ನಿ. ಪೂಜೆ ಇಳಿಸಿದ ಮೇಲೆ ವರ್ಷಕ್ಕೊಮ್ಮೆ ಮಾತ್ರ ಮಕ್ಕಳಿಗೆ ಬಂದೂಕು ಮುಟ್ಟುವ ಅವಕಾಶ. ಆಗ ನಮ್ಮ ಕಳ್ಳನ ಆಟ. ಕಳ್ಳ ಯಾವಾಗಲೂ ರೇವಪ್ಪ ಕಾಕಾನೇ. ತಲೆಗೆ ಟವೆಲ್ ಸುತ್ತಿ, ಅವ್ವನ ಕಾಡಿಗೆಯಿಂದ ಗಲ್ಲಕ್ಕೆ ಮಚ್ಚೆ ಇಟ್ಟುಕೊಂಡು, ದನದ ಕೊಟ್ಟಿಗೆಯಿಂದ ಕಳ್ಳಹೆಜ್ಜೆ ಹಾಕುತ್ತ ಬರುತ್ತಿದ್ದ. ಬಸು ಬಂದೂಕಿನ ಘೋಡಾ, ಅದೇ ಟ್ರಿಗರ್, ಎಳೆಯುತ್ತಿದ್ದ, ಬಂದೂಕು 'ಟಿಕ್' ಅನ್ನುತ್ತಿತ್ತು, ಕಾಕಾ ಎದೆ ಹಿಡಿದುಕೊಂಡು ಉರುಳುತ್ತಿದ್ದ. ನಾಲಿಗೆ ಹೊರಗೆ ಚಾಚಿ, ಒಂದು ಕಣ್ಣು ಚೂರು ತೆರೆದು, ನಾವು ನಗುತ್ತೇವೋ ಇಲ್ಲವೋ ಅಂತ ನೋಡುತ್ತಿದ್ದ. ಆಯಿ ಹೋಳಿಗೆ ತಂದು ಬಾಯಿಗೆ ಹಿಡಿದರೆ ಮಾತ್ರ ಅವನಿಗೆ ಜೀವ ಬರುತ್ತಿತ್ತು.

ಕಾಡತೂಸು ತುಂಬಿಯೂ ಬಂದೂಕು ಬರೀ 'ಟಿಕ್' ಯಾಕನ್ನುತ್ತದೆ ಅಂತ ನಾನೊಮ್ಮೆ ಕಾಕಾನನ್ನು ಕೇಳಿದ್ದೆ.

"ದೇವರ ಪಾಲಿಗಿ ಇಟ್ಟ ಕಾಡತೂಸು ಹಾರಂಗಿಲ್ಲ ಕಮಲಿ. ದೇವರು ಅದರಾಗಿನ ಬೆಂಕಿ ತಗೋತಾನ," ಅಂದಿದ್ದ ಕಾಕಾ. ಇದು ಅವನು ನನ್ನ ಬಾಯಿ ಮುಚ್ಚಿಸಲು ಕಟ್ಟಿದ ಮಾತಲ್ಲ. ಅವನೂ ಅದನ್ನೇ ನಂಬಿದ್ದ. ಚಿಕ್ಕವನಿದ್ದಾಗ ಅದೇ 'ಟಿಕ್' ಕೇಳುತ್ತ ಬೆಳೆದವನು ಅವನು. ಅಪ್ಪನೂ, ಆಯಿಯೂ ಅಷ್ಟೇ.

ಆ ವರ್ಷ ಮುತ್ಯಾನ ಕಣ್ಣಿಗೆ ಪೊರೆ ಬಂದು ಹುಮನಾಬಾದಿನ ದವಾಖಾನೆಯಲ್ಲಿ ಆಪರೇಷನ್ ಮಾಡಿಸಿದ್ದರು. ಕಾಕಾ ದಿನಾ ಬುತ್ತಿ ಕಟ್ಟಿಕೊಂಡು ಬಸ್ ಹತ್ತಿ ಹೋಗಿ ಬರುತ್ತಿದ್ದ. ಬರುವಾಗ ನಮಗೆ ಶೇಂಗಾ ಚಿಕ್ಕಿ ತಪ್ಪದೆ ತರುತ್ತಿದ್ದ. ಪೂಜೆಯ ಹೊತ್ತಿಗೆ ಮನೆಗೆ ಬಂದುಬಿಡುತ್ತೇನೆ, ಬಂದೂಕು ನಾನೇ ಇಡುತ್ತೇನೆ ಅಂತ ಮುತ್ಯಾ ಹೇಳಿ ಕಳಿಸಿದ್ದ. ಆದರೆ ನವಮಿಯ ದಿನ ಕಾಕಾ ಒಬ್ಬನೇ ಬಂದ.

"ಡಾಕ್ಟರ್ ನಾಳಿ ಬಿಡ್ತೀನಿ ಅಂದಾರ. ನಾಳಿ ಊಟ ಮಾಡಿ ಹೋಗಿ ಕರಕೊಂಡ ಬರ್ತೀನಿ," ಅಂದ.

"ಹಂಗಾದ್ರ ಬಂದೂಕ ಈ ಸಲ ಗ್ವಾಡಿ ಮ್ಯಾಲೇ ಇರ್ಲಿ. ಅವರು ಬಂದ ಮ್ಯಾಲ ನೋಡೂಣು," ಅಂದ ಅಪ್ಪ.

ಆಯಿ ಒಪ್ಪಲಿಲ್ಲ. "ಮನಿ ಕಾಯೂದಕ್ಕ ಪೂಜಿ ಇಲ್ಲಂದ್ರ ಹ್ಯಾಂಗೋ? ಅವರು ದವಾಖಾನ್ಯಾಗ ಮಕ್ಕೊಂಡಾರ, ಇಂಥಾ ಹೊತ್ತಿನ್ಯಾಗ ಬಿಡಬಾರ್ದು. ತಗಿ."

ಮುತ್ಯಾ ದವಾಖಾನೆಗೆ ಹೋಗುವಾಗ ಕೊಟ್ಟಿದ್ದ ಕೀಲಿಕೈಯನ್ನು ಸೊಂಟದಿಂದ ತೆಗೆದು, ಟ್ರಂಕಿನೊಳಗಿನ ಡಬ್ಬಿ ತಂದು ಅವಳೇ ಅಪ್ಪನ ಕೈಗೆ ಕಾಡತೂಸು ಕೊಟ್ಟಳು. ಅಪ್ಪ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ.

"ಹಾರಿಗೀರೀತು ಮತ್ತ," ಅಂದ.

ಕಾಕಾ ನಕ್ಕ. "ಎಂದಾದ್ರೂ ಹಾರ್ಯದೇನಣ್ಣಾ? ವರ್ಷಾ ನೋಡಾಕತ್ತೇವಲ್ಲ."

ಅಪ್ಪ ಕುಂಕುಮ ಹಚ್ಚಿ ತುಂಬಿದ. ಆಯಿ ಆರತಿ ಎತ್ತಿದಳು. ಬಂದೂಕಿನ ಕೊರಳಿಗೆ ನಾನೇ ಚೆಂಡುಹೂವಿನ ಮಾಲೆ ಹಾಕಿದೆ.

ಬನ್ನಿಯ ದಿನ ಬಿಸಿಲು ಚಲೋ ಇತ್ತು. ಊಟವಾಯಿತು. ಕಾಕಾ ಹುಮನಾಬಾದಿಗೆ ಹೊರಡಲು ಬಿಳಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ. ನಾನೂ ಬಸೂನೂ ಅವನ ಕೈಗೆ ಜೋತುಬಿದ್ದೆವು.

"ಬಸ್ ತಪ್ಪತದ್ರೋ," ಅಂದ. ನಮ್ಮ ಮುಖ ನೋಡಿ ಕರಗಿದ. "ಆತು, ಒಂದೇ ಸಲ. ಬಿಳಿ ಅಂಗಿ ಅದ, ಮಣ್ಣಾಗ ಬೀಳಂಗಿಲ್ಲ. ಕಟ್ಟಿ ಮ್ಯಾಲ ಸಾಯ್ತೀನಿ."

ತಾನೇ ಬಂದೂಕು ತಂದು, ಮಾಲೆ ತೆಗೆಯದೆ, ಘೋಡಾ ಎಳೆಯಲು ಸಜ್ಜು ಮಾಡಿ ಬಸೂನ ಕೈಗೆ ಕೊಟ್ಟ. ಕೊಟ್ಟಿಗೆಗೆ ಹೋಗಿ ಟವೆಲ್ ಸುತ್ತಿಕೊಂಡು ಬಂದ. ಬಾಗಿಲಲ್ಲಿ ಅವ್ವ, "ಲಗ್ನದ ವಯಸ್ಸಿಗಿ ಬಂದೀರಿ, ಇನ್ನೂ ಕಳ್ಳ ಆಗ್ತೀರಿ," ಅಂದಳು. ಕಾಕಾ ಅವಳತ್ತ ತಿರುಗಿ, "ವೈನಿ, ನಿಮ್ಮ ಹೋಳಿಗೀನೇ ಕದಿಯಾಕ ಬಂದೀನಿ," ಅಂದ. ಬಸು ಎಂದಿನಂತೆ, "ನಿಂದರು ಕಳ್ಳಾ," ಅಂತ ಹೇಳಿ ಘೋಡಾ ಎಳೆದ.

ಸದ್ದಿಗೆ ಮಾಳಿಗೆಯ ಪಾರಿವಾಳಗಳೆಲ್ಲ ಎದ್ದವು. ಬಸು ಹಿಂದಕ್ಕೆ ಬಿದ್ದ. ಕಾಕಾ ಎದೆ ಹಿಡಿದುಕೊಂಡು ಉರುಳಿದ, ಕಟ್ಟೆಯ ಮೇಲಲ್ಲ, ಮಣ್ಣಿನಲ್ಲಿ. ನಾನು ಚಪ್ಪಾಳೆ ತಟ್ಟಿದೆ. ಈ ಸಲ ಬಂದೂಕು ಖರೇನೇ ಸದ್ದು ಮಾಡಿತಲ್ಲ ಅಂತ. ಮದ್ದಿನ ವಾಸನೆ ಹೋಳಿಗೆಯ ತುಪ್ಪದ ವಾಸನೆಯ ಮೇಲೆ ಬಂದು ಕೂತಿತು. ಕಾಕಾನ ಒಂದು ಕಣ್ಣು ತೆರೆದೇ ಇತ್ತು. ಬಸು ಎದ್ದು ಹತ್ತಿರ ಹೋಗಿ, "ಏಳು ಕಾಕಾ, ಅಂಗಿ ಮಾಸ್ತದ," ಅಂದ. ಆಯಿ ಒಳಗಿನಿಂದ ಬಂದಳು. ಅವಳ ಕೈಯಲ್ಲಿ ಹೋಳಿಗೆ ಇತ್ತು. ಎಂದಿನಂತೆ ಅವನ ಬಾಯಿಗೆ ಹಿಡಿಯಲು ತಂದಿದ್ದಳು.

ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಅಪ್ಪ ಕಾಕಾನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತದ್ದು. ಯಾರೋ ಜೀಪು ತಂದದ್ದು, ಅದು ಬೇಕಾಗದೆ ಅಂಗಳದಲ್ಲೇ ನಿಂತದ್ದು. ಪೊಲೀಸರು ಬಂದು ಚೆಂಡುಹೂವಿನ ಮಾಲೆ ಸಮೇತ ಬಂದೂಕು ಒಯ್ದದ್ದು. ಬಸು ಜೋಳದ ಕಣಜದ ಹಿಂದೆ ಹೋಗಿ ಕೂತಿದ್ದ. ಮುತ್ಯಾ ಹಿಂದೊಮ್ಮೆ ಅಡಗಿ ಕೂತ ಜಾಗವೇ ಅದು. ಅವನನ್ನು ಹೊರಗೆ ತರಲು ಅವ್ವ ಎಷ್ಟು ಕರೆದರೂ ಬರಲಿಲ್ಲ.

ಮುತ್ಯಾನನ್ನು ಕರೆತರಲು ನೆರೆಮನೆಯವರು ಹೋದರು. ದಾರಿಯಲ್ಲಿ ಅವನಿಗೆ ಏನೂ ಹೇಳಿರಲಿಲ್ಲ. ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿದ್ದರು. ಅಂಗಳಕ್ಕೆ ಕಾಲಿಟ್ಟವನು ಅಳುವ ದನಿಗಳನ್ನು ಕೇಳಿ ನಿಂತ. "ಯಾರು ಹ್ವಾದ್ರು?" ಅಂದ. ಅಪ್ಪ ಅವನ ಕೈ ಹಿಡಿದು ಕಾಕಾನ ಹತ್ತಿರ ಕರೆತಂದ. ಮುತ್ಯಾ ಕೂತು ಮುಖ ತಡವಿದ, ಮೀಸೆ ತಡವಿದ, ಎದೆಯ ಮೇಲೆ ಕೈ ಇಟ್ಟ, ಆಮೇಲೆ ಕೈ ತೆಗೆಯಲೇ ಇಲ್ಲ.

"ಕಾಡತೂಸು ಯಾರೂ ತಗೀಲಿಲ್ಲೇನು?" ಅಂದ, ನಡೆದದ್ದನ್ನೆಲ್ಲ ಕೇಳಿದ ಮೇಲೆ.

ಯಾರಿಗೂ ಅರ್ಥವಾಗಲಿಲ್ಲ. ಆಗ ಹೇಳಿದ. ಪ್ರತಿ ವರ್ಷ ಬನ್ನಿಯ ಬೆಳಗ್ಗೆ, ನಾವೆಲ್ಲ ಏಳುವ ಮೊದಲೇ, ದೇವರಿಗೆ ಕೈಮುಗಿದು ಅವನೇ ಅದನ್ನು ತೆಗೆದು ಡಬ್ಬಿಗೆ ಹಾಕುತ್ತಿದ್ದನಂತೆ. ದೇವರಿಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದದ್ದು ಕಂಡರೆ ಆಯಿ ನೊಂದುಕೊಳ್ಳುತ್ತಾಳೆ ಅಂತ ಯಾರಿಗೂ ಹೇಳಿರಲಿಲ್ಲ.

"ತುಂಬೂದು ಎಲ್ಲಾರಿಗೂ ತೋರಿಸ್ದೆ. ತಗಿಯೂದು ಒಬ್ಬರಿಗೂ ತೋರಿಸ್ಲಿಲ್ಲ," ಅಂದ. ಬಿಳಿ ಪಟ್ಟಿ ಒದ್ದೆಯಾಗುತ್ತಿತ್ತು.

ಆಯಿ ಅಷ್ಟರಲ್ಲೂ ಸೆರಗು ಹಿಡಿದು ಬಂದಳು. "ಅಳಬ್ಯಾಡ್ರಿ, ಡಾಕ್ಟರ್ ಬ್ಯಾಡಂದಾರ. ಕಣ್ಣು ಹೋಗ್ತದ."

"ಹೋಗ್ಲಿ ಬಿಡು. ಇನ್ನ ನೋಡೂದು ಏನದ," ಅಂದ ಮುತ್ಯಾ. ಆ ಕಣ್ಣು ಮುಂದೆ ಸರಿಯಾಗಲೂ ಇಲ್ಲ.

ಬಸೂನನ್ನು ಯಾರೂ ಬಯ್ಯಲಿಲ್ಲ. ಪೊಲೀಸ್ ಸಾಹೇಬರು ಬಂದು ವಿಚಾರಿಸಿ, ಕೂಸು ಅದು, ಏನು ತಿಳಿದೀತು ಅಂತ ಬಿಟ್ಟರು. ಒಬ್ಬರಾದರೂ ಒಂದು ಏಟು ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ ಅಂತ ನನಗೆ ಈಗ ಅನ್ನಿಸುತ್ತದೆ. ಚಿಣ್ಣಿದಾಂಡು ಬಿಟ್ಟ. ಜೋರಾಗಿ ನಗುವುದನ್ನು ಬಿಟ್ಟ. ಆಯಿ ನವಮಿಗೆ ಎಲ್ಲವನ್ನೂ ಮೊದಲಿನಂತೆ ತುಂಬುತ್ತಿದ್ದಳು. ಬಂದೂಕು ಇಡುತ್ತಿದ್ದ ಜಾಗದಲ್ಲಿ ಮಾತ್ರ ಒಂದು ಬರಿಮಣೆ ಹಾಕುತ್ತಿದ್ದಳು. ಅವ್ವ ಅದರ ಮೇಲೆ ನಾಲ್ಕು ಕಾಳು ಅಕ್ಕಿ ಹಾಕಲು ಹೋದರೆ, "ಬ್ಯಾಡ, ಅದೊಂದು ಬರಿದ ಇರ್ಲಿ," ಅನ್ನುತ್ತಿದ್ದಳು.

ಹತ್ತಾರು ವರ್ಷಗಳ ಮೇಲೆ, ಬಾಜೂ ಊರಿನಲ್ಲಿ ದರೋಡೆಯಾಯಿತು. ಒಂಟಿ ಮನೆಯ ಗಂಡಹೆಂಡಿರನ್ನು ಹೊಡೆದು ದೋಚಿಕೊಂಡು ಹೋಗಿದ್ದರು. ಊರಿನ ನಾಲ್ಕು ಮಂದಿ ನಮ್ಮ ಕಟ್ಟೆಗೆ ಬಂದು ಕೂತರು. ಬಂದೂಕಿನ ಲೈಸೆನ್ಸಿಗೆ ಅರ್ಜಿ ಹ್ಯಾಗೆ ಹಾಕುವುದು ಅಂತ ಕೇಳಲು. ಊರಲ್ಲಿ ಅದು ಗೊತ್ತಿದ್ದವನು ಮುತ್ಯಾ ಒಬ್ಬನೇ.

"ಮನ್ಯಾಗ ಒಂದಿದ್ರ ಧೈರ್ಯ ನೋಡ್ರಿ ಮುತ್ಯಾ," ಅಂದ ಒಬ್ಬ.

ಮುತ್ಯಾ ಸಿಟ್ಟಾಗಲಿಲ್ಲ. "ಹೌದಪ್ಪ. ಅವತ್ತ ಬಂದೂಕಿದ್ರ ನಮ್ಮಣ್ಣ ಉಳೀತಿದ್ದ ಅಂತ ನನಗ ಈಗೂ ಅನಸ್ತದ. ಅದು ಸುಳ್ಳಂತ ಹ್ಯಾಂಗ ಹೇಳ್ಲಿ? ಆದ್ರ ಅಷ್ಟು ವರ್ಷ ದಾರಿ ಕಾದ್ರೂ ಕಳ್ಳ ಒಮ್ಮೀನೂ ಬರ್ಲಿಲ್ಲ. ಮಕ್ಕಳು ದಿನಾ ಮನ್ಯಾಗ ಇದ್ರು."

ಬಂದವರು ಚಹಾ ಕುಡಿದು ಎದ್ದುಹೋದರು. ಅರ್ಜಿ ಹಾಕಿದರೋ ಬಿಟ್ಟರೋ ನನಗೆ ಗೊತ್ತಿಲ್ಲ.

ಮುತ್ಯಾ, ಆಯಿ ಇಬ್ಬರೂ ಈಗ ಇಲ್ಲ. ಬಸು ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ನಾನು ಪ್ರತಿ ದಸರೆಗೆ ಬನ್ನಿ ಕೊಡಲು ಹೋಗುತ್ತೇನೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ನಾನು ಅಂದರೆ ಅವನು ತಲೆ ಆಡಿಸುತ್ತಾನೆ, ತಿರುಗಿ ಆ ಮಾತು ಅನ್ನುವುದಿಲ್ಲ. ನಮ್ಮ ಮನೆಗಳಿಗೆ ಈಗ ಕಬ್ಬಿಣದ ಗ್ರಿಲ್ಲಿದೆ, ಎರಡೆರಡು ಬೀಗವಿದೆ. ಹೂರಣವನ್ನು ಮಿಕ್ಸಿ ರುಬ್ಬುತ್ತದೆ, ಬೆರಳು ಹಚ್ಚಿ ನೆಕ್ಕಲು ಕಲ್ಲಿಲ್ಲ. ಅದೆಲ್ಲ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಕಳ್ಳನಾಗಿ ಬಂದು ನಮ್ಮನ್ನು ನಗಿಸಿದವನೊಬ್ಬ ಇದ್ದಿದ್ದರೆ ಈಗ ಅವನ ಮೀಸೆ ನೆರೆತಿರುತ್ತಿತ್ತು.

ಒಂದು ದಸರೆಗೆ ನನ್ನ ಮಗ ಜಾತ್ರೆಯಲ್ಲಿ ಕೊಂಡ ಆಟದ ಪಿಸ್ತೂಲು ತಂದಿದ್ದ. ಅಂಗಡಿಯ ಮುಂದೆ ಬಸೂನ ಎದೆಗೆ ಹಿಡಿದು, "ಮಾಮಾ, ನೀ ಕಳ್ಳ. ಬೀಳು," ಅಂದ. ನನ್ನ ಕೈಯಲ್ಲಿದ್ದ ಬನ್ನಿ ಕೆಳಗೆ ಬಿತ್ತು. ಬಸು ಮೆಲ್ಲಗೆ ಅವನ ಕೈಯಿಂದ ಪಿಸ್ತೂಲು ತೆಗೆದುಕೊಂಡ. ತಿರುಗಿಸಿ ನೋಡಿದ, ಒಳಗೆ ನೋಡಲು ಎಲ್ಲಾದರೂ ತೆರೆಯುತ್ತದೋ ಅಂತ ಬೆರಳಿನಿಂದ ಹುಡುಕಿದ.

"ಅದರಾಗ ಏನೂ ಇಲ್ಲ ಮಾಮಾ," ಅಂದ ಮಗ.

"ಅವತ್ತೂ ಹಂಗ ಅಂದ್ಕೊಂಡಿದ್ವಿ," ಅಂದ ಬಸು.